ಗೋಮಾಳಕ್ಕೆ ಜಿಂಕೆ ಮರಳಬೇಕಾದರೆ

ಪ್ರಶ್ನೆ: ನಮ್ಮೂರು ಮಧುಗಿರಿ ತಾಲ್ಲೂಕಿನಲ್ಲಿದೆ. ತಾತನ ಕಾಲದಲ್ಲಿ ಇಲ್ಲಿನ 60 ಎಕರೆ ಗೋಮಾಳದಲ್ಲಿ ಜಿಂಕೆ ಹಿಂಡು ಮೇಯುತ್ತಿತ್ತಂತೆ. ಈಗ ಬರೀ ಬಳ್ಳಾರಿ ಜಾಲಿ. ಏಳೆಂಟು ಕಿಲೋಮೀಟರ್ ದೂರದ ಮೈದನಹಳ್ಳಿಯಿಂದ ಹತ್ತು ಜಿಂಕೆ ತಂದು ಬಿಡಿಸಬಹುದೇ?

ಉತ್ತರ: ತಂದು ಬಿಡಿಸುವುದು ಬೇಡ. ನೀವು ಜಿಂಕೆ ಎನ್ನುತ್ತಿರುವ ಕೃಷ್ಣಮೃಗ 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯ, ಅಂದರೆ ಅತಿ ಹೆಚ್ಚು ರಕ್ಷಣೆಯ, ಪ್ರಾಣಿ. ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿಯಿಲ್ಲದೆ ಯಾರೂ ಹಿಡಿಯುವಂತಿಲ್ಲ. ಅನುಮತಿ ಸಿಕ್ಕರೂ ಹಿಡಿಯುವಾಗಿನ ಗಾಬರಿಯೇ ಅದಕ್ಕೆ ಮುಳುವು. ಅಟ್ಟಿಸಿಕೊಂಡು ಓಡಿದ ಜಿಂಕೆಯ ಮಾಂಸಖಂಡ ಒಳಗೇ ಕೆಡುತ್ತದೆ. ಬಿಟ್ಟ ದಿನ ಚೆನ್ನಾಗಿ ಕಂಡದ್ದು ಕೆಲವು ದಿನ ಬಿಟ್ಟು ಸಾಯಬಹುದು.

ಮೈದನಹಳ್ಳಿಯಲ್ಲಿ 2007ರಲ್ಲಿ ಘೋಷಣೆಯಾದ ಜಯಮಂಗಲಿ ಕೃಷ್ಣಮೃಗ ಮೀಸಲು 798 ಎಕರೆ ಮಾತ್ರ. ಅಲ್ಲಿನ ಹಿಂಡು ಸುತ್ತಲ ಹೊಲಗಳಿಗೂ ಹೋಗಿ ಮೇಯುತ್ತದೆ. ನಿಮ್ಮ ನೆಲ ಹದವಾಗಿ, ನಡುವೆ ಬಯಲು ಉಳಿದಿದ್ದರೆ ತಾವಾಗಿ ಬರುವ ಸಾಧ್ಯತೆ ಇದೆ. 60 ಎಕರೆ ಒಂದು ಹಿಂಡಿನ ಕಾಯಂ ನೆಲೆಗೆ ಸಾಲದು, ಬಂದು ಮೇದು ಹೋಗುವ ತಾಣವಾಗಬಲ್ಲದು. ಅದೂ ದೊಡ್ಡದೇ.

ಮೊದಲ ಕೆಲಸ ಜಾಲಿ. ಜಿಂಕೆ ನಂಬಿರುವುದು ಕಣ್ಣು ಮತ್ತು ಓಟವನ್ನು. ಪೊದೆ ಕವಿದ ಕಡೆ ನಿಲ್ಲುವುದಿಲ್ಲ. ಗೋಮಾಳ ಕಂದಾಯ ಭೂಮಿಯಾದ್ದರಿಂದ ಗ್ರಾಮಸಭೆಯಲ್ಲಿ ನಿರ್ಣಯ ಮಾಡಿ, ತಹಶೀಲ್ದಾರರಿಂದ ಲಿಖಿತ ಒಪ್ಪಿಗೆ ಪಡೆದು ಶುರುಮಾಡಿ. ಜಾಲಿಯನ್ನು ನೆಲಮಟ್ಟಕ್ಕೆ ಕೊಚ್ಚಿದರೆ ಬುಡದ ಮೊಗ್ಗುಗಳಿಂದ ಹತ್ತಾರು ಚಿಗುರು ಏಳುತ್ತದೆ. ಸುತ್ತ ಅಗೆದು ಒಂದಡಿ ಆಳದಲ್ಲಿ ಬೇರು ಕಡಿಯಬೇಕು. ಜೆಸಿಬಿಯಿಂದ ಇಡೀ ನೆಲ ಕೆರೆಸಬೇಡಿ, ಮೇಲ್ಮಣ್ಣಿನ ಜೊತೆ ಹುಲ್ಲಿನ ಬೇರೂ ಹೋಗುತ್ತದೆ. ಕಾಯಿ ಹಣ್ಣಾಗುವ ಮೊದಲೇ ಮರ ತೆಗೆಯಿರಿ. ದನ, ಕುರಿ ತಿಂದ ಬೀಜ ಸಗಣಿ, ಹಿಕ್ಕೆಯಲ್ಲಿ ಹರಡುತ್ತದೆ. ಮಣ್ಣಿನಲ್ಲಿ ಉಳಿದ ಬೀಜ ವರ್ಷಗಟ್ಟಲೆ ಮೊಳೆಯುವುದರಿಂದ ಪ್ರತಿ ಮುಂಗಾರಿನಲ್ಲೂ ಸಸಿ ಕೀಳಲೇಬೇಕು. ಹೆಚ್ಚಿನವರು ಸೋಲುವುದು ಇಲ್ಲೇ. ಹಾಗಾಗಿ ವರ್ಷಕ್ಕೆ ಹತ್ತು ಎಕರೆಗಿಂತ ಹೆಚ್ಚು ಕೈಗೆತ್ತಿಕೊಳ್ಳಬೇಡಿ.

ತೆರವಾದ ಜಾಗದಲ್ಲಿ ಹೊಂಗೆ, ಬೇವು ನೆಡುವ ಉತ್ಸಾಹ ದಯವಿಟ್ಟು ಬೇಡ. ಅದು ಹುಲ್ಲಿನ ಜಾಗ. ಅಕ್ಕಪಕ್ಕದ ಬದುಗಳಲ್ಲಿ ಬೆಳೆದ ನಾಟಿ ಹುಲ್ಲಿನ ತೆನೆ, ಬಟ್ಟೆಗೆ ಚುಚ್ಚುವ ಊಬಿನ ಹುಲ್ಲಿನದೂ ಸೇರಿ, ಮಳೆಗಾಲ ಮುಗಿದ ಮೇಲೆ ಕಿತ್ತು ಗೋಣಿಚೀಲದಲ್ಲಿ ಒಣಗಿಡಿ. ಹೊಸ ಬೀಜ ಕೂಡಲೇ ಸರಿಯಾಗಿ ಮೊಳೆಯುವುದಿಲ್ಲ. ಮುಂದಿನ ಮುಂಗಾರಿಗೆ ಮಣ್ಣು, ಸಗಣಿಪುಡಿ ಬೆರೆಸಿ ಎರಚಿ, ಮೇಲೆ ಮುಳ್ಳುಕೊಂಬೆ ಎಳೆದರೆ ಸಾಕು. ಆಳಕ್ಕೆ ಹೋದ ಬೀಜ ಮೇಲೆ ಬರುವುದಿಲ್ಲ. ಬಿತ್ತಿದ ಭಾಗಕ್ಕೆ ಎರಡು ಮಳೆಗಾಲ ಕುರಿ ಬಿಡಬೇಡಿ. ಉಳಿದದ್ದನ್ನು ಕುರಿಗಾಹಿಗಳಿಗೆ ಬಿಟ್ಟುಕೊಡಿ, ಅವರ ಒಪ್ಪಿಗೆಯಿಲ್ಲದೆ ಈ ಕೆಲಸ ನಿಲ್ಲದು.

ಇನ್ನು ನಾಯಿ. ಜಿಂಕೆ ಮರಿ ಹುಟ್ಟಿದ ಮೊದಲ ದಿನಗಳಲ್ಲಿ ಹುಲ್ಲಿನಲ್ಲಿ ಅಲುಗದೆ ಮಲಗಿರುತ್ತದೆ. ನಾಯಿಗೆ ಸುಲಭದ ತುತ್ತು. ಕೋಳಿ ಅಂಗಡಿಯ ತ್ಯಾಜ್ಯ ಗೋಮಾಳದ ಕಡೆ ಸುರಿಯುವುದನ್ನು ನಿಲ್ಲಿಸಿ, ಪಂಚಾಯಿತಿಯಿಂದ ನಾಯಿಗಳಿಗೆ ಸಂತಾನಹರಣ ಮಾಡಿಸಿ. ಪ್ಲಾಸ್ಟಿಕ್ ಹಾಸಿದ ಕೃಷಿಹೊಂಡಕ್ಕೆ ಇಳಿದ ಪ್ರಾಣಿ ಜಾರಿ ಮೇಲೆ ಬರಲಾಗದೆ ಸಾಯುತ್ತದೆ. ಒಂದು ಬದಿಗೆ ಕಲ್ಲಿನ ಇಳಿಜಾರು ಕಟ್ಟಿಸಿ. ಕಡಲೆಕಾಯಿ, ರಾಗಿಯ ಎಳೆ ಪೈರನ್ನು ಜಿಂಕೆ ಮೇಯುತ್ತದೆ ಎಂಬುದನ್ನೂ ಗೋಮಾಳದ ಅಂಚಿನ ಹೊಲದವರಿಗೆ ಮೊದಲ ಗ್ರಾಮಸಭೆಯಲ್ಲೇ ಹೇಳಿಬಿಡಿ.