ಅದೇ ನಾಯಿ ಎರಡೂ ಕಡೆ

ಶಬ್ದ ವಿಶ್ಲೇಷಣೆಯಲ್ಲಿ ಪಿಎಚ್‌ಡಿ, ನಾಲ್ಕನೇ ವರ್ಷ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಆಪ್ತ ಸಮಾಲೋಚನೆಗೆ ನನ್ನ ಬಳಿ ಬಂದು ಕೂತವರು ಆಡಿದ ಮೊದಲ ಮಾತೇ "ನಾನು ಮೋಸ ಮಾಡ್ಬಿಟ್ಟಿದ್ದೀನಿ ಮೇಡಂ."

ವಿಷಯ ಇಷ್ಟು. ಅರ್ಬನ್‌ಸೌಂಡ್8ಕೆ ಅಂತ ಒಂದು ಡೇಟಾಸೆಟ್ ಇದೆ, ಅಂದರೆ ಸದ್ದು ಗುರುತಿಸಲು ಕಂಪ್ಯೂಟರ್ ಮಾಡೆಲ್‌ಗೆ ಕಲಿಸಿ, ಆಮೇಲೆ ಪರೀಕ್ಷಿಸಲು ಬಳಸುವ ಸಂಗ್ರಹ. ಹಾರ್ನ್, ಸೈರನ್, ನಾಯಿ ಬೊಗಳುವುದು ಹೀಗೆ 10 ಬಗೆಯ ಸದ್ದು, 8,732 ತುಣುಕು. ಯಾವುದೂ 4 ಸೆಕೆಂಡಿಗಿಂತ ಉದ್ದವಿಲ್ಲ. 2014ರಲ್ಲಿ ಅದನ್ನು ಸಿದ್ಧಪಡಿಸಿದವರೇ 10 ಭಾಗ ಮಾಡಿಟ್ಟು, ಇವನ್ನು ಕಲಸಬೇಡಿ ಎಂದಿದ್ದಾರೆ. ನನ್ನೆದುರು ಕೂತವರು ಕಲಸಿದ್ದರು. ಒಂದೇ ರೆಕಾರ್ಡಿಂಗ್‌ನಿಂದ ಕತ್ತರಿಸಿದ ಒಂದು ತುಣುಕು ಕಲಿಕೆಗೆ ಹೋಯಿತು, ಇನ್ನೊಂದು ಪರೀಕ್ಷೆಗೆ. ಅದೇ ನಾಯಿ ಎರಡೂ ಕಡೆ ಬೊಗಳುತ್ತಿತ್ತು! ಮಾಡೆಲ್‌ನ ಸರಿಯುತ್ತರ ಎಂದು ಬಂದಿದ್ದ ಶೇ 96, ಸರಿಯಾಗಿ ಮಾಡಿದಾಗ 75ಕ್ಕೆ ಇಳಿಯಿತು. ಪ್ರಬಂಧ ಆಗಲೇ ಪರಿಶೀಲನೆಗೆ ಹೋಗಿತ್ತು. ಹನ್ನೆರಡು ದಿನ ಯಾರಿಗೂ ಹೇಳಿರಲಿಲ್ಲ.

ನಿದ್ದೆ, ಊಟ, ಜೀವ ಬೇಡ ಅನಿಸುತ್ತಿದೆಯಾ ಎಂದು ಮೊದಲು ಕೇಳಿದೆ. ನಿದ್ದೆ ಮಾತ್ರ ಕೆಟ್ಟಿತ್ತು.

ನಿಮ್ಮ ಕ್ಷೇತ್ರದಲ್ಲಿ ಹೀಗೆ ತಪ್ಪು ಹಿಡಿದವರು ಯಾರಾದರೂ ಇದ್ದಾರಾ ಎಂದೆ. ಥಟ್ಟನೆ ಹೇಳಿದರು: 2002ರಿಂದ ಬಳಕೆಯಲ್ಲಿರುವ, ಸಂಗೀತದ ಪ್ರಕಾರ ಗುರುತಿಸಲು ಕಲಿಸುವ ಡೇಟಾಸೆಟ್ ಜಿಟಿಝಡ್‌ಎಎನ್‌ನಲ್ಲಿ 1,000 ಹಾಡಿನ ತುಣುಕುಗಳಿವೆ. ಅದರಲ್ಲಿ ಒಂದೇ ಹಾಡು ಮತ್ತೆ ಮತ್ತೆ ಬಂದಿರುವುದನ್ನೂ ತಪ್ಪು ಲೇಬಲ್‌ಗಳನ್ನೂ ಸಂಶೋಧಕ ಬಾಬ್ ಸ್ಟರ್ಮ್ ಪಟ್ಟಿ ಮಾಡಿದ್ದಾರೆ. "ಆದ್ರೆ ಅದು ಬೇರೆಯವರ ತಪ್ಪು. ಇದು ನಂದು." ನಿಜ. ನನ್ನ ಹತ್ತಿರ ಅದಕ್ಕೆ ಉತ್ತರ ಇರಲಿಲ್ಲ. ಸುಮ್ನೆ ಸಮಾಧಾನ ಹೇಳುವುದಕ್ಕೂ ಮನಸ್ಸಾಗಲಿಲ್ಲ.

ನಾನು ಹೇಳಿದ್ದು ಜಾಸ್ತಿ ಏನಿಲ್ಲ. ಗೊತ್ತಾಗುವ ಮುಂಚೆ ಆಗಿದ್ದು ತಪ್ಪು. ಗೊತ್ತಾದ ಮೇಲೆ ಮುಚ್ಚಿಟ್ಟರೆ ಅದು ಮೋಸ. ನೀವು ಈಗ ಎರಡರ ನಡುವೆ ನಿಂತಿದ್ದೀರಿ, ಅಲ್ವಾ? ಹಾಗಾಗಿ ಈ ವಾರವೇ ಗೈಡ್‌ಗೆ ಹೇಳಿ. ಏನಾಯ್ತು, ಯಾವಾಗ ಗೊತ್ತಾಯ್ತು, ಹೊಸ ಅಂಕಿ ಎಷ್ಟು, ಇಷ್ಟನ್ನು ಒಂದು ಪುಟದಲ್ಲಿ ಬರೆದುಕೊಂಡು ಹೋಗಿ. ಅದರಲ್ಲಿ ನಿಮ್ಮನ್ನು ಬೈದುಕೊಳ್ಳುವ ಒಂದು ಮಾತೂ ಬೇಡ. ಪ್ರಬಂಧ ವಾಪಸ್ ಪಡೆಯುವ ಮಾತನ್ನು ನೀವೇ ಎತ್ತಿ. ಓದು ಬಿಡಬೇಕಾ ಅನ್ನುವ ಪ್ರಶ್ನೆಯನ್ನು ಒಂದು ತಿಂಗಳು ಮುಟ್ಟಲೇಬೇಡಿ.

ಗೈಡ್ ಅರ್ಧ ಗಂಟೆ ಸಿಡುಕಿದರಂತೆ. ಆಮೇಲೆ ಪ್ರಬಂಧ ವಾಪಸ್ ಪಡೆದರು.

ಮೂರನೇ ಭೇಟಿಯಲ್ಲಿ ಅವರು ಫೋನ್‌ನಲ್ಲಿ ಎರಡು ಸದ್ದು ಕೇಳಿಸಿದರು. ಒಂದು ಏಸಿ, ಇನ್ನೊಂದು ನಿಂತ ಗಾಡಿಯ ಎಂಜಿನ್. ಯಾವುದು ಯಾವುದು ಹೇಳಿ ಎಂದರು. ನಾನು ಅದಲು ಬದಲು ಹೇಳಿದೆ. "ಮಾಡೆಲ್‌ಗೂ ಇದೇ ಗೋಳು ಮೇಡಂ" ಎಂದು ನಕ್ಕು, ಇನ್ನೊಮ್ಮೆ ಕೇಳಿಸಿದರು.