ಓದುಗರ ಪ್ರಶ್ನೆ: ಅಜ್ಜನ ಖಿರ್ದಿ ಪುಸ್ತಕ, ಯಾರದೋ ಹೆಸರು

ಪ್ರಶ್ನೆ: ನಮ್ಮ ಅಜ್ಜ ಊರಿನ ಕಂದಾಯದ ಲೆಕ್ಕ ಬರೆಯುವ ಶಾನುಭೋಗರಾಗಿದ್ದವರು. ಹಳೆಯ ಮನೆ ಕೆಡವುವಾಗ ಅಟ್ಟದ ಮೇಲೆ ಎರಡು ಪೆಟ್ಟಿಗೆ ಕಾಗದ ಸಿಕ್ಕಿತು. ದಿನದಿನದ ಜಮಾಖರ್ಚಿನ ಖಿರ್ದಿ ಪುಸ್ತಕಗಳು, ಗೇಣಿ ಲೆಕ್ಕ, ಒಡವೆ ಅಡವಿಟ್ಟ ಚೀಟಿಗಳು, ಜೀತಕ್ಕಿದ್ದವರ ಲೆಕ್ಕದ ಒಂದು ಪುಸ್ತಕ. ಎಲ್ಲವನ್ನೂ ಸ್ಕ್ಯಾನ್ ಮಾಡಿ ಇಂಟರ್ನೆಟ್ಟಿಗೆ ಹಾಕೋಣ ಎನ್ನುತ್ತಾಳೆ ಮಗಳು. ಜೀತದ ಪುಸ್ತಕವನ್ನು ಬಚ್ಚಲ ಒಲೆಗೆ ಹಾಕು, ಯಾರ ಖಾಸಗಿ ವಿಷಯವೂ ಬೀದಿಗೆ ಬರಬಾರದು ಎನ್ನುತ್ತಾರೆ ಚಿಕ್ಕಪ್ಪ. ಯಾರ ಮಾತು ಕೇಳಲಿ? ದಯವಿಟ್ಟು ನನ್ನ ಹೆಸರು ಹಾಕಬೇಡಿ.
– ಓದುಗರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಹೆಸರು ಹಾಕಿಲ್ಲ. ಜೀತದ ಪುಸ್ತಕದಲ್ಲಿ ಇರುವವರನ್ನು ಮಾತ್ರ ‘ನಿಮ್ಮ ಹೆಸರು ಹಾಕಲೇ’ ಎಂದು ಯಾರೂ ಕೇಳಿರಲಿಲ್ಲ, ಅಲ್ಲವೇ?

ಮೊದಲು ಪೆಟ್ಟಿಗೆಯನ್ನು ಬಚ್ಚಲಿನಿಂದ ದೂರ ಇಡಿ. ತಾಲ್ಲೂಕು ಕಚೇರಿಯೊಂದರ ದಾಖಲೆ ಕೊಠಡಿಯಲ್ಲಿ ಇಪ್ಪತ್ತಾರು ವರ್ಷ ಧೂಳು ಕುಡಿದವಳು ನಾನು. ಕಾಗದ ಸುಡುವ ಮಾತು ಕೇಳಿದರೆ ಈಗಲೂ ಕೈ ನಡುಗುತ್ತದೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಮುದುಕರು ವಾರಕ್ಕೊಮ್ಮೆ ಬರುತ್ತಿದ್ದರು. 1974ರ ಭೂಸುಧಾರಣೆಯಲ್ಲಿ ನಮೂನೆ 7, ಅಂದರೆ ಉಳುವ ಭೂಮಿಯ ಹಕ್ಕು ಕೇಳುವ ಗೇಣಿದಾರರ ಅರ್ಜಿ, ತುಂಬಿಕೊಟ್ಟವರು. ಪ್ರಕರಣ ಭೂ ನ್ಯಾಯಮಂಡಳಿಯಿಂದ ಮೇಲಕ್ಕೆ ಹೋಗಿ ಮತ್ತೆ ಕೆಳಕ್ಕೆ ಬಂದಿತ್ತು. ಅವರ ಗೇಣಿ ಬಾಯಿಮಾತಿನದು. ಇಂಥವನಿಂದ ಇಷ್ಟು ಭತ್ತ ಬಂತು ಎಂದು ಬರೆದಿದ್ದುದು ಒಡೆಯರ ಮನೆಯ ಪುಸ್ತಕದಲ್ಲಿ ಮಾತ್ರ. ಕೇಳಿದರೆ, ಗೆದ್ದಲು ತಿಂದಿದೆ ಎಂದರು. ಯಾವ ಪುಟ ತಿನ್ನಬೇಕೆಂಬುದು ಮಲೆನಾಡಿನ ಗೆದ್ದಲಿಗೆ ಚೆನ್ನಾಗಿ ಗೊತ್ತು.

ಪೆಟ್ಟಿಗೆಯಲ್ಲಿರುವುದೆಲ್ಲ ನಿಮ್ಮದೇ ಎಂದುಕೊಳ್ಳಬೇಡಿ. 1963ರ ಫೆಬ್ರವರಿ 1ರಂದು ವಂಶಪಾರಂಪರ್ಯದ ಶಾನುಭೋಗಿಕೆ ರದ್ದಾಯಿತು. ಕಂದಾಯ, ಸರ್ವೆ ನಂಬರಿನ ಸರ್ಕಾರಿ ಪುಸ್ತಕ ಒಂದೆರಡು ನಿಮ್ಮಲ್ಲೇ ಉಳಿದಿದ್ದರೆ ಫೋಟೊ ತೆಗೆದಿಟ್ಟುಕೊಂಡು ತಾಲ್ಲೂಕು ಕಚೇರಿಗೆ ಒಪ್ಪಿಸಿ. ಸ್ವೀಕೃತಿ ಪತ್ರ ಕೈಗೆ ಬರುವವರೆಗೆ ಅಲ್ಲಿಂದ ಏಳಬೇಡಿ.

ಇನ್ನು ನಿಮ್ಮ ಚಿಕ್ಕಪ್ಪ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಹೇಳಿದ್ದಾರೆ. ಅರ್ಜಿ ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆದರೆ ಚಿಕ್ಕಪ್ಪನವರು ಕಾಯಲು ಹೊರಟಿರುವುದು ಜೀತಕ್ಕಿದ್ದವರ ಖಾಸಗಿತನವನ್ನಲ್ಲ, ಜೀತಕ್ಕಿಟ್ಟುಕೊಂಡವರ ಮರ್ಯಾದೆಯನ್ನು. ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಬಾರದು. 1976ರ ಕಾಯ್ದೆ ಜೀತದ ಸಾಲಗಳನ್ನೆಲ್ಲ ತೊಡೆದುಹಾಕಿದೆ, ಆ ಪುಟದಿಂದ ಯಾರೂ ಯಾರಿಗೂ ಬಾಕಿಯಿಲ್ಲ. ಆದರೆ ಎಷ್ಟೋ ಮನೆತನಗಳ ಮುತ್ತಜ್ಜನ ಹೆಸರು ಬರವಣಿಗೆಯಲ್ಲಿ ಇರುವುದು ಅಲ್ಲೊಂದೇ ಕಡೆ.

ನಿಜವಾದ ಗುಟ್ಟು ಎಂದರೆ ಏನು ಎಂಬುದನ್ನು ನಾನು ಸಾಗರ ತಾಲ್ಲೂಕಿನ ಕಡೆಯ ಮನೆಯೊಂದರಲ್ಲಿ ಕಂಡೆ. ಅಂಗೈ ಅಗಲದ ಅಡವಿನ ಚೀಟಿ. ಒಂದು ಜೊತೆ ಕಿವಿಯ ಬುಗುಡಿ, ಹನ್ನೆರಡು ರೂಪಾಯಿ, ಬಡ್ಡಿಯ ದರ. ಅಂಚಿನಲ್ಲಿ ಸಣ್ಣಗೆ: ‘ಗಂಡನಿಗೆ ತಿಳಿಸಕೂಡದು.’ ಆಕೆ ತೀರಿಕೊಂಡು ಎಷ್ಟು ಕಾಲವಾಯಿತೋ, ಮೊಮ್ಮಕ್ಕಳು ಅದೇ ಕೇರಿಯಲ್ಲಿದ್ದಾರೆ. ಅದನ್ನು ಓದಿ ಮತ್ತೆ ಮಡಚಿಟ್ಟೆ. ಇವತ್ತಿಗೂ ಅದರಲ್ಲಿದ್ದ ಹೆಸರನ್ನು ಯಾರಿಗೂ ಹೇಳಿಲ್ಲ.

ಇಡುವುದು ಬೇರೆ, ತೋರಿಸುವುದು ಬೇರೆ. 1969ರ ಜನನ ಮರಣ ನೋಂದಣಿ ಕಾಯ್ದೆಯ 17ನೇ ಕಲಮಿನಲ್ಲಿ ಇದಕ್ಕೊಂದು ಜಾಣ ದಾರಿಯಿದೆ. ಮರಣದ ಪ್ರಮಾಣಪತ್ರ ಕೇಳಿದವರಿಗೆ ಸಿಗುತ್ತದೆ, ಸಾವಿನ ಕಾರಣ ಮಾತ್ರ ಅದರಲ್ಲಿ ಕಾಣಿಸುವುದಿಲ್ಲ. ವಹಿಯಲ್ಲಿ ಅದು ಇದ್ದೇ ಇರುತ್ತದೆ. ನೀವೂ ಹಾಗೆಯೇ ಮಾಡಿ. ಒಂದು ಪುಟವನ್ನೂ ಬಿಡದೆ ಸ್ಕ್ಯಾನ್ ಮಾಡಿ ಮನೆಯಲ್ಲಿ ಇಡಿ. ಗೇಣಿ, ಭತ್ತ ಅಡಿಕೆಯ ಧಾರಣೆ, ಕೂಲಿ ಇವುಗಳ ಪುಟಗಳನ್ನು ಹೆಸರು ಸಮೇತ ತೆರೆದಿಡಬಹುದು. ಅಡವಿನ ಚೀಟಿಗಳನ್ನು ಸದ್ಯ ಬೇಡ. ಯಾವುದಾದರೂ ಸಂಗ್ರಹಾಲಯಕ್ಕೆ ಕೊಡುವುದಾದರೆ ಇಷ್ಟು ವರ್ಷ ತೆರೆಯಕೂಡದು ಎಂದು ಬರೆದು ಸಹಿ ಹಾಕಿಸಿಕೊಂಡು ಕೊಡಿ.

ಜೀತದ ಪುಸ್ತಕ ಹಿಡಿದು ಆ ಮನೆಗಳಿಗೆ ಹೋಗಿ. ಮಗಳನ್ನು ಕರೆದೊಯ್ಯಿರಿ, ಚಿಕ್ಕಪ್ಪನನ್ನಲ್ಲ. ಅವರು ಹಾಕಿ ಎಂದರೆ ಹಾಕಿ. ಬೇಡ ಎಂದರೆ ಅವರ ಹೆಸರು ಮುಚ್ಚಿ, ಮೊತ್ತವನ್ನೂ ದುಡಿದ ವರ್ಷಗಳನ್ನೂ ನಿಮ್ಮ ಅಜ್ಜನ ಹೆಸರನ್ನೂ ಹಾಗೆಯೇ ಬಿಡಿ. ಹದಿನಾಲ್ಕು ಮನೆಯ ಊರಿನಲ್ಲಿ ಹೆಸರೊಂದನ್ನೇ ಮುಚ್ಚಿದರೆ ಸಾಲದು. ‘ಹೊಳೆಯಾಚೆ ಮನೆಯ ಎರಡನೆಯವನು’ ಎಂದಿದ್ದರೆ ಊರಿಗೆಲ್ಲ ಗೊತ್ತಾಯಿತು. ಪಿಡಿಎಫ್‌ನ ಮೇಲೆ ಕಪ್ಪು ಪಟ್ಟಿ ಎಳೆದರೂ ಅಡಿಯ ಅಕ್ಷರ ಉಳಿದಿರಬಹುದು. ಅಚ್ಚು ತೆಗೆದ ಹಾಳೆಯಲ್ಲಿ ಹೆಸರಿನ ಮೇಲೆ ಕಾಗದ ಅಂಟಿಸಿ ಇನ್ನೊಮ್ಮೆ ಸ್ಕ್ಯಾನ್ ಮಾಡುವ ಹಳೆಯ ಕ್ರಮವೇ ವಾಸಿ.

ಮಳೆ ಹಿಡಿಯುವುದರೊಳಗೆ ಇದನ್ನೆಲ್ಲ ಮುಗಿಸಿ. ಅಟ್ಟದಲ್ಲಿ ಒಲೆಯ ಹೊಗೆ ಕುಡಿದು ಇಷ್ಟು ವರ್ಷ ಬಾಳಿದ ಕಾಗದ, ಕಬ್ಬಿಣದ ಬೀರುವಿನಲ್ಲಿ ಮುಚ್ಚಿಟ್ಟರೆ ಒಂದೇ ಆಷಾಢಕ್ಕೆ ಬೂಷ್ಟು ಹಿಡಿಯುತ್ತದೆ.