ಬೋಣಿ ಆಗೋದು ಯಾವಾಗ?

ವ್ಯಾಪಾರ-ವಹಿವಾಟು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನನಗೆ 27 ವರ್ಷ. ಬೆಂಗಳೂರಿನ ಒಂದು ಕಂಪನಿಯಲ್ಲಿ ಎಸ್‌ಇಒ ಕೆಲಸ ಮಾಡುತ್ತಿದ್ದೆ. ಜನ ಗೂಗಲ್‌ನಲ್ಲಿ ಹುಡುಕಿದಾಗ ನಮ್ಮ ಗಿರಾಕಿಯ ವೆಬ್‌ಸೈಟ್ ಮೇಲೆ ಕಾಣುವ ಹಾಗೆ ಮಾಡುವ ಕೆಲಸ. ಅಪ್ಪನಿಗೆ ಹುಷಾರಿಲ್ಲ ಅಂತ ಊರಿಗೆ ಬಂದೆ. ಈಗ ವಿದ್ಯಾನಗರದ ಮನೆಯಲ್ಲೇ ಸ್ವಂತಕ್ಕೆ ಶುರು ಮಾಡಿದ್ದೇನೆ. ನೂರಾರು ಕಂಪನಿಗಳಿಗೆ ಇಮೇಲ್ ಕಳಿಸಿದೆ, ಒಬ್ಬರೂ ಉತ್ತರ ಕೊಡಲಿಲ್ಲ. ಕೊಪ್ಪಿಕರ ರಸ್ತೆಯಲ್ಲಿ ಅಂಗಡಿ ಅಂಗಡಿಗೆ ಹೋದೆ. ‘ದೀಪಾವಳಿ ಆದ್ಮ್ಯಾಲ ಬರ್ರಿ’ ಅಂದರು. ಮೊದಲ ಗಿರಾಕಿ ಸಿಗೋದು ಹೇಗೆ? ಮೂರು ತಿಂಗಳು ಪುಕ್ಕಟೆ ಮಾಡಿಕೊಟ್ಟರೆ ಯಾರಾದರೂ ಬರಬಹುದಾ?
(ಹೆಸರು ಬೇಡ, ಹುಬ್ಬಳ್ಳಿ)

ಉತ್ತರ: ‘ದೀಪಾವಳಿ ಆದ್ಮ್ಯಾಲ ಬರ್ರಿ’ ಅಂದರೆ ಬರಬೇಡಿ ಅಂತಲೇ ಅರ್ಥ. ಬೇಜಾರು ಮಾಡಿಕೊಳ್ಳಬೇಡಿ. ನಾನು ಪೇಪರ್ ಜಾಹೀರಾತು ಮಾರಿಕೊಂಡು ದುರ್ಗದಬೈಲಿನಿಂದ ತಾರಿಹಾಳದ ತನಕ ಓಡಾಡಿದವನು. ಆ ಮಾತನ್ನು ಎಲ್ಲ ಹಬ್ಬಗಳ ಹೆಸರಲ್ಲೂ ಕೇಳಿದ್ದೇನೆ.

ಇಮೇಲ್ ಆಸೆ ಬಿಡಿ. ‘ನಿಮ್ಮನ್ನು ಗೂಗಲ್ ಮೊದಲ ಪುಟಕ್ಕೆ ತರುತ್ತೇವೆ’ ಅನ್ನುವ ಇಮೇಲ್ ವೆಬ್‌ಸೈಟ್ ಇರುವ ಎಲ್ಲರಿಗೂ ಬರುತ್ತಲೇ ಇರುತ್ತೆ. ನಿಮ್ಮದೂ ಆ ರಾಶಿಗೆ ಸೇರಿತು. ನಮ್ಮ ಕಡೆ ಸಾವುಕಾರರು ಇಮೇಲ್ ತೆಗೆಯೋದೇ ಒಟಿಪಿ ಬಂದಾಗ, ಅದೂ ಮಗನನ್ನು ಕೂಗಿ.

ಇನ್ನು ಕೊಪ್ಪಿಕರ ರಸ್ತೆ. ಅಲ್ಲಿನ ಬಟ್ಟೆ ಅಂಗಡಿಗೆ ಗಿರಾಕಿ ಬರೋದು ರಸ್ತೆಯ ಓಡಾಟದಿಂದ, ಹಳೆಯ ಪರಿಚಯದಿಂದ. ಮದುವೆ ಸೀರೆ ತಗೊಳ್ಳುವವರು ಗೂಗಲ್ ಕೇಳಿ ಹೋಗಲ್ಲ, ಅಕ್ಕನನ್ನು ಕೇಳಿ ಹೋಗುತ್ತಾರೆ. ಆ ಮಾಲೀಕರು ನಿಮ್ಮನ್ನು ವಾಪಸ್ ಕಳಿಸಿದ್ದು ಸರಿಯೇ. ನೀವು ಚೆನ್ನಾಗಿ ಕೆಲಸ ಮಾಡಿದರೂ ಅವರ ಗಲ್ಲೆಯಲ್ಲಿ ಏನೂ ವ್ಯತ್ಯಾಸ ಕಾಣುತ್ತಿರಲಿಲ್ಲ.

ಯಾರ ಬಾಗಿಲು ತಟ್ಟಬೇಕು ಅನ್ನೋದಕ್ಕೆ ನಾನು ಎರಡೇ ವಿಷಯ ನೋಡುತ್ತೇನೆ. ಅವರ ಗಿರಾಕಿ ದುಡ್ಡು ಕೊಡುವ ಮೊದಲು ಫೋನ್‌ನಲ್ಲಿ ಹುಡುಕುತ್ತಾನಾ? ಹಾಗೆ ಬಂದ ಒಬ್ಬನೇ ಗಿರಾಕಿಯಿಂದ ಉಳಿಯುವ ಹಣ ನಿಮ್ಮ ತಿಂಗಳ ಫೀಸಿಗಿಂತ ಜಾಸ್ತಿನಾ? ಎರಡಕ್ಕೂ ಹೌದು ಅನ್ನುವ ಕಡೆಗೆ ಮಾತ್ರ ಹೋಗಿ.

ಧಾರವಾಡದ ಸಪ್ತಾಪುರ ನೋಡಿ. ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಉತ್ತರ ಕರ್ನಾಟಕದ ಎಲ್ಲ ಕಡೆಯಿಂದ ಹುಡುಗರು ಬರುತ್ತಾರೆ. ಪಿಎಸ್‌ಐ ಅಥವಾ ಕೆಎಎಸ್ ಅರ್ಜಿ ಕರೆದ ಸುದ್ದಿ ಬಂದ ಕೂಡಲೇ ರಾಯಚೂರು ಕಡೆಯ ಹುಡುಗ ತನ್ನ ಊರಲ್ಲೇ ಕೂತು ಕೋಚಿಂಗ್ ಎಲ್ಲಿ, ಫೀಸ್ ಎಷ್ಟು, ಹತ್ತಿರ ಪಿಜಿ ಇದೆಯಾ ಅಂತ ಹುಡುಕುತ್ತಾನೆ. ಬಸ್ ಹತ್ತುವ ಮೊದಲೇ ಅರ್ಧ ತೀರ್ಮಾನ ಆಗಿರುತ್ತೆ. ಕೋಚಿಂಗ್ ನಡೆಸುವವರಿಗೆ ಇದು ಚೆನ್ನಾಗಿ ಗೊತ್ತು. ಅವರಿಗೆ ನೀವು ಪಾಠ ಹೇಳಬೇಕಾಗಿಲ್ಲ.

ಅದಕ್ಕಿಂತ ನನಗೆ ಇಷ್ಟ ಆಗೋದು ಗೋಕುಲ ರಸ್ತೆ ಮತ್ತು ತಾರಿಹಾಳದ ಕಾರ್ಖಾನೆಗಳು. ವಾಲ್ವ್ ಮಾಡುವವರು, ಯಂತ್ರದ ಬಿಡಿಭಾಗ ಮಾಡುವವರು. ಇವರ ಗಿರಾಕಿ ಪುಣೆಯಲ್ಲೋ ಕೊಯಮತ್ತೂರಿನಲ್ಲೋ ಇರುತ್ತಾನೆ. ಅವನು ಹುಡುಕೋದು ಕಂಪನಿ ಹೆಸರಲ್ಲ, ಅಳತೆ ಮತ್ತು ಗ್ರೇಡು. ಇವರ ವೆಬ್‌ಸೈಟ್ ತೆಗೆದು ನೋಡಿ. ಬಹಳ ಕಡೆ ಒಂದು ಸ್ವಾಗತ, ಕಾರ್ಖಾನೆಯ ಒಂದು ಫೋಟೊ, ಸ್ಥಾಪಕರ ಒಂದು ಫೋಟೊ. ಮಾಲಿನ ವಿವರವೆಲ್ಲ ಸ್ಕ್ಯಾನ್ ಮಾಡಿ ಹಾಕಿದ ಕ್ಯಾಟಲಾಗ್‌ನಲ್ಲಿ. ಹುಡುಕುವವನಿಗೆ ಅದು ಸಿಗೋದು ಕಷ್ಟ. ಒಂದೊಂದು ಮಾಲಿಗೆ ಒಂದೊಂದು ಪುಟ, ಅದರಲ್ಲಿ ಅಳತೆ, ಯಾವ ಲೋಹ, ಎಷ್ಟು ಒತ್ತಡ ತಡೆಯುತ್ತೆ, ಯಾವ ಕೆಲಸಕ್ಕೆ ಬರುತ್ತೆ. ಇಷ್ಟು ಬರೆದರೇ ದೊಡ್ಡ ಕೆಲಸ. ಒಂದು ಆರ್ಡರ್ ಬಂದರೆ ಲಕ್ಷದ ಲೆಕ್ಕ.

ಇವರಲ್ಲಿ ಎಷ್ಟೋ ಜನ ಕೊಳ್ಳುವವರನ್ನೂ ಮಾರುವವರನ್ನೂ ಸೇರಿಸುವ ಇಂಡಿಯಾಮಾರ್ಟ್ ವೆಬ್‌ಸೈಟಿಗೆ ವರ್ಷಕ್ಕೆ ಇಷ್ಟು ಅಂತ ಕಟ್ಟುತ್ತಾರೆ. ಅಂದರೆ ವಿಚಾರಣೆಗೆ (‘ಈ ಮಾಲು ಇದೆಯಾ, ರೇಟೆಷ್ಟು’ ಅಂತ ಕೇಳಿ ಬರುವ ಕರೆಗೆ) ದುಡ್ಡು ಕೊಡುವ ಅಭ್ಯಾಸ ಆಗಲೇ ಇದೆ. ಅಲ್ಲಿ ಒಂದೇ ವಿಚಾರಣೆ ಹಲವು ಮಾರಾಟಗಾರರಿಗೆ ಹೋಗುತ್ತೆ, ಎಲ್ಲರೂ ಒಟ್ಟಿಗೆ ಫೋನ್ ಮಾಡುತ್ತಾರೆ, ರೇಟು ಇಳಿಯುತ್ತೆ. ನೀವು ಎಸ್‌ಇಒ ಅನ್ನುವ ಪದವನ್ನೇ ಎತ್ತಬೇಡಿ. ‘ನಿಮ್ಮ ಸ್ವಂತ ವೆಬ್‌ಸೈಟಿಗೆ ಬಂದ ವಿಚಾರಣೆ ನಿಮಗೊಬ್ಬರಿಗೇ ಬರುತ್ತೆ’ ಅನ್ನಿ. ಕುರ್ಚಿ ಎಳೆದು ಕೂರಿಸುತ್ತಾರೆ, ಚಹಾನೂ ಬರುತ್ತೆ.

ವಕೀಲರು ಮತ್ತು ಸಿಎಗಳ ಹತ್ತಿರ ಜಾಹೀರಾತಿನ ಮಾತು ತೆಗೆದುಕೊಂಡು ಹೋಗಬೇಡಿ. ಅವರ ವೃತ್ತಿ ನಿಯಮ ಅದಕ್ಕೆ ಕಟ್ಟುಪಾಡು ಹಾಕುತ್ತೆ. ವೈದ್ಯರಿಗೂ ರೋಗಿಗಳನ್ನು ಕರೆಯುವ ಹಾಗಿಲ್ಲ. ಆಸ್ಪತ್ರೆಯ ವಿಳಾಸ, ಸಮಯ, ಫೋನ್ ನಂಬರ್ ಸರಿಯಾಗಿ ಕಾಣುವ ಹಾಗೆ ಮಾಡಿಕೊಡೋದು ಬೇರೆ, ‘ಹುಬ್ಬಳ್ಳಿಯ ನಂಬರ್ ಒನ್ ಡಾಕ್ಟರ್’ ಅಂತ ಬರೆಯೋದು ಬೇರೆ.

ಬರಿಗೈಲಿ ಹೋಗಬೇಡಿ. ಎಲ್ಲರೂ ಮಾಲೀಕನ ಮುಂದೆ ಕೂತು ಗೂಗಲ್‌ನಲ್ಲಿ ಹುಡುಕಿ ತೋರಿಸುತ್ತಾರೆ. ಅಲ್ಲೇ ಮಾತು ಕೆಡುತ್ತೆ. ಗೂಗಲ್ ಮ್ಯಾಪ್‌ನಲ್ಲಿ ಯಾರ ಹೆಸರು ಮೇಲೆ ಬರುತ್ತೆ ಅನ್ನೋದು ಮೂರು ವಿಷಯದ ಮೇಲೆ ನಿಂತಿದೆ: ಹುಡುಕಿದ್ದಕ್ಕೂ ಅಂಗಡಿಗೂ ಎಷ್ಟು ಹೊಂದುತ್ತೆ, ಎಷ್ಟು ದೂರ ಇದೆ, ಎಷ್ಟು ಹೆಸರಾಗಿದೆ. ಅಂಗಡಿಯಲ್ಲೇ ಕೂತು ಹುಡುಕಿದರೆ ದೂರ ಸೊನ್ನೆ. ಅವರ ಹೆಸರೇ ಮೇಲೆ ಬರಬಹುದು. ‘ನಾ ಮ್ಯಾಲ ಅದೇನಲ್ರಿ, ನೀವೇನ್ ಮಾಡ್ತೀರಿ?’ ಅನ್ನುತ್ತಾರೆ. ನಿಮ್ಮ ಬಾಯಿ ಕಟ್ಟಿತು.

ಅದಕ್ಕೆ ಹಿಂದಿನ ದಿನವೇ ಚಿಗರಿ ಬಸ್ ಹತ್ತಿ. ಧಾರವಾಡದಿಂದ ಹುಬ್ಬಳ್ಳಿ ತನಕ ಕೂತುಕೊಂಡೇ ಟೋಲ್ ನಾಕಾ, ನವನಗರ, ಉಣಕಲ್ ಬಂದಾಗೆಲ್ಲ ಅವರ ಗಿರಾಕಿ ಹುಡುಕುವ ಮಾತನ್ನೇ ಹುಡುಕಿ, ಸ್ಕ್ರೀನ್‌ಶಾಟ್ ತೆಗೆಯಿರಿ. ಮ್ಯಾಪ್ ಕೆಳಗೆ ಸಾಮಾನ್ಯವಾಗಿ ಮೂರು ಹೆಸರು ಬರುತ್ತವೆ. ಆ ಮೂರರಲ್ಲಿ ಅವರ ಎದುರಾಳಿ ಇದ್ದು ಅವರು ಇಲ್ಲದಿದ್ದರೆ, ಆ ಚಿತ್ರ ತೋರಿಸಿ ಸುಮ್ನೆ ಕೂತುಬಿಡಿ. ಮುಂದಿನ ಮಾತು ಅವರೇ ಆಡುತ್ತಾರೆ. ಇದು ಊರೊಳಗಿನ ವ್ಯಾಪಾರಕ್ಕೆ. ತಾರಿಹಾಳದವರಿಗೆ ಮ್ಯಾಪ್ ಅಷ್ಟು ಮುಖ್ಯ ಅಲ್ಲ, ಅವರಿಗೆ ಮಾಲಿನ ಹೆಸರು ಹುಡುಕಿದಾಗ ಬರುವ ಪಟ್ಟಿ ತೋರಿಸಿ.

ಪುಕ್ಕಟೆ ಕೆಲಸಕ್ಕೆ ನನ್ನ ಉತ್ತರ ಬೇಡ ಅಂತ. ದುಡ್ಡು ಕೊಡದವರು ಪಾಸ್‌ವರ್ಡ್ ಕೂಡ ಸರಿಯಾಗಿ ಕೊಡಲ್ಲ, ಫೋಟೊ ಕಳಿಸಿ ಅಂದರೆ ನಾಳೆ ಅನ್ನುತ್ತಾರೆ. ಹಾಗಂತ ಮೊದಲ ದಿನವೇ ವರ್ಷದ ಒಪ್ಪಂದ ಇಟ್ಟರೆ ಹೆದರುತ್ತಾರೆ. ಸಣ್ಣದೊಂದು ಕೆಲಸ ಮಾರಿ. ಗೂಗಲ್ ಬಿಸಿನೆಸ್ ಪ್ರೊಫೈಲ್, ಅಂದರೆ ಗೂಗಲ್‌ನಲ್ಲಿ, ಮ್ಯಾಪ್‌ನಲ್ಲಿ ಕಾಣುವ ಅಂಗಡಿಯ ವಿವರ ಸರಿ ಮಾಡಿಕೊಡೋದು, ನಾಲ್ಕೈದು ಸಾವಿರಕ್ಕೆ, ಅರ್ಧ ಮುಂಗಡ. ಪ್ರೊಫೈಲ್ ಪುಕ್ಕಟೆಯೇ, ಆದರೆ ಎಷ್ಟೋ ಜನರದ್ದು ಹಳೆಯ ಫೋನ್ ನಂಬರ್, ತಪ್ಪು ವಿಭಾಗ, ಯಾರೋ ದಾರಿಹೋಕರು ಹಾಕಿದ ಶಟರ್ ಮುಚ್ಚಿದ ಫೋಟೊ. ಇವನ್ನು ಸರಿ ಮಾಡಿದರೆ ಫೋನ್ ಎಷ್ಟು ಬಂತು, ದಾರಿ ಎಷ್ಟು ಜನ ಕೇಳಿದರು ಅನ್ನುವ ಲೆಕ್ಕ ಅಲ್ಲೇ ಕಾಣುತ್ತೆ. ಹೆಸರಿನ ಮುಂದೆ ‘ಬೆಸ್ಟ್’ ‘ಚೀಪ್’ ಅಂತ ಸೇರಿಸಬೇಡಿ. ಅದು ಗೂಗಲ್ ನಿಯಮಕ್ಕೆ ವಿರುದ್ಧ, ಪ್ರೊಫೈಲೇ ಅಮಾನತಾಗಬಹುದು. 2014ರ ನವೆಂಬರ್ 1ರಂದು ಊರಿನ ಇಂಗ್ಲಿಷ್ ಸ್ಪೆಲಿಂಗ್ Hubli ಹೋಗಿ Hubballi ಆದರೂ ಹಳೆಯದನ್ನು ಟೈಪ್ ಮಾಡುವವರು ಇನ್ನೂ ಇದ್ದಾರೆ. ವೆಬ್‌ಸೈಟ್‌ನಲ್ಲಿ ಎರಡೂ ಸಹಜವಾಗಿ ಬರುವ ಹಾಗೆ ಬರೆಯಿರಿ.

ರೇಟು ಇಳಿಸಲೇಬೇಕಾಗಿ ಬಂದರೆ ಬದಲಿಗೆ ಒಂದು ಕೇಳಿ. ಕೆಲಸದ ಮೊದಲಿನ ಮತ್ತು ನಂತರದ ಅಂಕಿ ಬೇರೆಯವರಿಗೆ ತೋರಿಸಲು ಅನುಮತಿ. ಎರಡನೇ ಗಿರಾಕಿಗೆ ತೋರಿಸಲು ನಿಮಗೆ ಏನಾದರೂ ಬೇಕಲ್ವಾ?

ಖಾತೆಯ ಒಡೆತನ ಮಾಲೀಕರ ಜಿಮೇಲ್‌ನಲ್ಲೇ ಇರಲಿ, ನೀವು ಮ್ಯಾನೇಜರ್ ಆಗಿ ಸೇರಿಕೊಳ್ಳಿ. ಇದನ್ನು ಅವರು ಕೇಳುವ ಮೊದಲೇ ಹೇಳಿ. ವೆಬ್‌ಸೈಟ್ ಮಾಡಿಕೊಟ್ಟ ಹುಡುಗ ಪಾಸ್‌ವರ್ಡ್ ಸಮೇತ ಕಾಣೆಯಾದ ಕಥೆ ಎಲ್ಲ ಸಾವುಕಾರರ ಹತ್ತಿರವೂ ಇರುತ್ತೆ.

ಆದರೆ ಒಳಗೆ ಬಿಡುವವರು ಯಾರು? ನಿಜವಾದ ಕಷ್ಟ ಇರೋದು ಇಲ್ಲಿ. ಅಪರಿಚಿತನಾಗಿ ಹೋದರೆ ಹೊಸಿಲಲ್ಲೇ ಮಾತು ಮುಗಿಯುತ್ತೆ. ಮಾಲೀಕರ ಪಕ್ಕದಲ್ಲಿ ಆಗಲೇ ಕೂತಿರುವವರನ್ನು ಹಿಡಿಯಿರಿ. ಅವರ ಕ್ಯಾಟಲಾಗ್ ಅಚ್ಚು ಹಾಕುವವರು, ಜಿಎಸ್‌ಟಿ ರಿಟರ್ನ್ ತುಂಬುವವರು, ವೆಬ್‌ಸೈಟ್ ಮಾಡುವವರು. ಇವರಲ್ಲಿ ವೆಬ್‌ಸೈಟ್ ಮಾಡುವವರು ಮೊದಲು. ‘ಗೂಗಲ್‌ದಾಗ ಯಾಕ್ ಕಾಣವಲ್ದು?’ ಅನ್ನುವ ಬೈಗುಳ ಬೀಳೋದು ಅವರ ಮೇಲೆ. ಆ ತಲೆನೋವು ತಗೊಳ್ಳುವವನು ಸಿಕ್ಕರೆ ಅವರಿಗೂ ನೆಮ್ಮದಿ. ಕೆಲಸ ಕೊಡಿಸಿದ್ದಕ್ಕೆ ಅವರ ಪಾಲು ಎಷ್ಟು ಅನ್ನೋದು ಮೊದಲೇ ಮಾತಾಡಿ, ಗಿರಾಕಿಗೂ ತಿಳಿಸಿ. ಕರ್ನಾಟಕ ವಾಣಿಜ್ಯೋದ್ಯಮ ಸಂಸ್ಥೆಯ ಸಭೆಗಳಿಗೆ ಹೋಗಿ. ಹೋದ ಕೂಡಲೇ ಕಾರ್ಡ್ ಹಂಚಬೇಡಿ. ಪ್ರೊಫೈಲ್ ಸರಿ ಮಾಡಿಕೊಳ್ಳೋದು ಹೇಗೆ ಅಂತ ಅರ್ಧ ಗಂಟೆ ಹೇಳಿಕೊಡುತ್ತೇನೆ ಅನ್ನಿ. ಕಲಿತು ತಾವೇ ಮಾಡಿಕೊಳ್ಳುವವರು ಕಡಿಮೆ, ‘ನೀವಾ ಮಾಡಿಕೊಡ್ರಿ’ ಅನ್ನುವವರು ಜಾಸ್ತಿ.

ಹಾಂ, ಬೆಂಗಳೂರಿನ ಹಳೆಯ ಕಂಪನಿಗೂ ಒಂದು ಫೋನ್ ಮಾಡಿ. ಅವರ ಗಿರಾಕಿಗಳನ್ನು ಎಳೆಯೋಕೆ ಅಲ್ಲ. ಕೈ ತುಂಬ ಕೆಲಸ ಇದ್ದಾಗ ಹೊರಗೆ ಕೊಡುವ ಕೆಲಸ ಇದ್ದರೆ ಕೇಳಿ. ಮನೆಗೆ ದುಡ್ಡು ಬರುತ್ತಿದ್ದರೆ ಇಲ್ಲಿ ಮೊದಲ ಗಿರಾಕಿಯನ್ನು ಆರಿಸಿಕೊಳ್ಳುವ ಧೈರ್ಯ ಇರುತ್ತೆ.

ಪ್ರಶ್ನೆ: ಗಿರಾಕಿಯೊಬ್ಬರು ‘ಗೂಗಲ್‌ನಲ್ಲಿ ನಂಬರ್ ಒನ್ ತರುತ್ತೇನೆ ಅಂತ ಬಾಂಡ್ ಪೇಪರ್ ಮೇಲೆ ಬರೆದುಕೊಡಿ, ಕೆಲಸ ಕೊಡುತ್ತೇನೆ’ ಅನ್ನುತ್ತಾರೆ. ಇದು ನನ್ನ ಮೊದಲ ಕೆಲಸ. ಬರೆದುಕೊಡಲೇ?
(ಓದುಗ, ಗದಗ)

ಉತ್ತರ: ಬೇಡ. ಮೊದಲ ಸ್ಥಾನದ ಖಾತ್ರಿಯನ್ನು ಯಾರೂ ಕೊಡಲಾರರು ಅಂತ ಗೂಗಲೇ ಹೇಳಿದೆ. ಕೆಲಸದ ಫಲ ಕಾಣಲು ಸಾಮಾನ್ಯವಾಗಿ 4 ತಿಂಗಳಿಂದ 1 ವರ್ಷ ಬೇಕು ಅಂತಲೂ ಅದರ ಸಲಹೆಯಲ್ಲಿದೆ. ಆ ಪುಟವನ್ನೇ ಗಿರಾಕಿಗೆ ತೋರಿಸಿ. ನೀವು ಮಾಡುವ ಕೆಲಸದ ಪಟ್ಟಿ ಬರೆದುಕೊಡಿ, ಸರ್ಚ್ ಕನ್ಸೋಲ್‌ನ (ಗೂಗಲ್ ಹುಡುಕಾಟದಲ್ಲಿ ವೆಬ್‌ಸೈಟ್ ಎಷ್ಟು ಸಲ ಕಾಣಿಸಿತು, ಎಷ್ಟು ಜನ ಒತ್ತಿದರು ಅಂತ ಗೂಗಲೇ ಕೊಡುವ ಲೆಕ್ಕ) ಅಂಕಿ ಪ್ರತಿ ತಿಂಗಳು ತೋರಿಸುತ್ತೇನೆ ಅಂತ ಬರೆದುಕೊಡಿ.

ಬಾಂಡ್ ಬರೆದುಕೊಡುವವರು ಸಿಗುತ್ತಾರೆ. ಅವರ ಚಾಲಾಕಿ ಹೇಗೆ ಗೊತ್ತಾ? ಕಂಪನಿಯ ಹೆಸರನ್ನೇ ಟೈಪ್ ಮಾಡಿ ‘ನೋಡಿ, ಮೊದಲು ಬಂತು’ ಅಂತ ತೋರಿಸುತ್ತಾರೆ. ಹೆಸರು ಗೊತ್ತಿರುವವನಿಗೆ ಹೇಗೂ ಸಿಗುತ್ತಿತ್ತು! ಇದನ್ನು ನಿಮ್ಮ ಗಿರಾಕಿಗೆ ಮೊದಲೇ ಹೇಳಿಟ್ಟಿರಿ. ಈಗ ಕೈಬಿಟ್ಟರೂ ಆಮೇಲೆ ನಿಮ್ಮ ನಂಬರ್ ಹುಡುಕಬಹುದು.

ಪ್ರಶ್ನೆ: ನನ್ನ ಸೋದರಮಾವನ ಕಲ್ಯಾಣ ಮಂಟಪ ಇದೆ. ಗೂಗಲ್ ಕೆಲಸ ಮಾಡಿಕೊಡು ಅಂದಿದ್ದಾರೆ. ದುಡ್ಡಿನ ಮಾತೇ ಇಲ್ಲ. ಮೇಲಾಗಿ ಗೆಳೆಯರಿಂದ ಐವತ್ತು ಫೈವ್ ಸ್ಟಾರ್ ರಿವ್ಯೂ ಹಾಕಿಸು ಅನ್ನುತ್ತಾರೆ. ಏನು ಮಾಡಲಿ?
(ಓದುಗಳು, ಹಾವೇರಿ)

ಉತ್ತರ: ಸುಳ್ಳು ರಿವ್ಯೂ ಹಾಕಿಸಬೇಡಿ. ಗೂಗಲ್ ಅಳಿಸುತ್ತೆ, ಹೊಸ ರಿವ್ಯೂ ಬರುವುದನ್ನೂ ತಡೆಯಬಹುದು. ಮದುವೆ ಮುಗಿಸಿ ಡಿಪಾಸಿಟ್ ವಾಪಸ್ ತಗೊಳ್ಳಲು ಬರುವ ಮನೆಯವರನ್ನು ಕೇಳಿ, ವಾಟ್ಸಾಪ್‌ನಲ್ಲಿ ಲಿಂಕ್ ಕಳಿಸಿ. ಕೇಳುವುದಕ್ಕೆ ಅಡ್ಡಿ ಇಲ್ಲ, ರಿಯಾಯಿತಿ ಕೊಟ್ಟು ಬರೆಸುವ ಹಾಗಿಲ್ಲ. ಆಷಾಢದಲ್ಲಿ ಮಂಟಪ ಖಾಲಿ ಇರುತ್ತೆ. ಆಗ ಊಟದ ಹಾಲ್, ಪಾರ್ಕಿಂಗ್, ರೂಮುಗಳ ಫೋಟೊ ತೆಗೆದು ಹಾಕಿ. ಒಂದು ಪಂಕ್ತಿಗೆ ಎಷ್ಟು ಜನ ಕೂರಬಹುದು ಅನ್ನೋದನ್ನು ಮರೆಯದೆ ಬರೆಯಿರಿ, ಹೆಣ್ಣಿನ ಕಡೆಯವರು ಮೊದಲು ಕೇಳುವುದೇ ಅದು.

ದುಡ್ಡಿನ ಮಾತು ಮಾವನ ಹತ್ತಿರ ಎತ್ತಲು ಆಗದಿದ್ದರೆ ಅತ್ತೆಯ ಹತ್ತಿರ ಎತ್ತಿ. ಎಷ್ಟೋ ಮನೆಗಳಲ್ಲಿ ಲೆಕ್ಕ ಇರೋದು ಅವರ ಕೈಯಲ್ಲೇ. ಬಿಲ್ ಮಾತ್ರ ಪೂರ್ತಿ ಮೊತ್ತಕ್ಕೆ ಮಾಡಿ, ಕೆಳಗೆ ‘ಮನೆಯವರಿಗೆ ಕಡಿತ’ ಅಂತ ಕಾಣಿಸಿ ಕಳೆಯಿರಿ. ನಾಳೆ ಅವರು ಬೇರೆ ಮಂಟಪದವರಿಗೆ ನಿಮ್ಮ ಹೆಸರು ಹೇಳುವಾಗ ಪೂರ್ತಿ ರೇಟನ್ನೇ ಹೇಳಲಿ. ಸೇವೆಯ ಕೆಲಸಕ್ಕೆ ವರ್ಷದ ವಹಿವಾಟು 20 ಲಕ್ಷ ದಾಟುವ ತನಕ ಜಿಎಸ್‌ಟಿ ನೋಂದಣಿ ಕಡ್ಡಾಯ ಅಲ್ಲ. ನೋಂದಣಿ ಇಲ್ಲದೆ ಬಿಲ್‌ನಲ್ಲಿ ಜಿಎಸ್‌ಟಿ ಹಾಕಬೇಡಿ.